ಭಾವನವರ ಕಿವಿ, ಅಕ್ಕನ ಟ್ರಂಕು

ಕುಕ್ಕರ್ ಮೂರು ಸೀಟಿ ಹಾಕಿದರೂ ನಮ್ಮ ಭಾವನವರಿಗೆ ಕೇಳಿಸುವುದಿಲ್ಲ. "ನನ್ನ ಮಾತೊಂದೇ ಅಲ್ಲ ಕಣೇ, ಸೀಟೀನೂ ಕೇಳಿಸಲ್ಲ" ಅಂತ ಅಕ್ಕ ನಗುತ್ತಿದ್ದಳು. ವಯಸ್ಸಾಯಿತೆಂದು ನಾವೂ ಸುಮ್ಮನಿದ್ದೆವು. ಐವತ್ತಕ್ಕೇ ವಯಸ್ಸಾಗುತ್ತದೆಯೇ? ಇಪ್ಪತ್ತೆರಡು ವರ್ಷ ಫಿರಂಗಿ ದಳದಲ್ಲಿ ತೋಪಿನ ಪಕ್ಕ ನಿಂತವರು ಎಂಬುದು ನಮಗೆ ಹೊಳೆಯಲೇ ಇಲ್ಲ ನೋಡಿ!

2017ರಲ್ಲಿ ಸೇವೆ ಬಿಡುವಾಗ ವೈದ್ಯರ ಮಂಡಳಿ ಕಿವಿಯ ದೋಷ ಶೇಕಡಾ 30 ಎಂದು ಬರೆದು, 'ಸೇವೆಗೆ ಸಂಬಂಧವಿಲ್ಲ' ಎಂದೂ ಸೇರಿಸಿತ್ತು. ಮಾಮೂಲು ಪಿಂಚಣಿ ಬಂತು, ಅಂಗವೈಕಲ್ಯದ್ದು ಬರಲಿಲ್ಲ.

ಅದು ಸಿಗಬೇಕಾದರೆ ದೋಷ ಕನಿಷ್ಠ ಶೇಕಡಾ 20 ಇರಬೇಕು. ಸೇವೆಯಿಂದಲೇ ಬಂದಿರಬೇಕು, ಇಲ್ಲವೇ ಸೇವೆಯಿಂದ ಹೆಚ್ಚಾಗಿರಬೇಕು. ರಜೆಯಲ್ಲಿ ಬಂದವನು ಸ್ವಂತ ಮನೆಯ ಹೆಂಚು ಹೊದಿಸಲು ಹೋಗಿ ಬಿದ್ದರೆ ಸಂಬಂಧ ತೋರಿಸುವುದು ಕಷ್ಟ. ಗಸ್ತಿನಲ್ಲಿ ಬಿದ್ದರೆ ಆ ಮಾತೇ ಬೇರೆ. ಕಾಯಿಲೆಯ ವಿಷಯದಲ್ಲೇ ತಕರಾರು ಜಾಸ್ತಿ.

ಧರ್ಮವೀರ್ ಸಿಂಗ್ ಎಂಬ ಸೈನಿಕರನ್ನು ಮೂರ್ಛೆರೋಗದ ಕಾರಣ 1994ರಲ್ಲಿ ಸೇವೆಯಿಂದ ಬಿಡಿಸಿದರು. ಅವರಿಗೂ 'ಸಂಬಂಧವಿಲ್ಲ' ಎಂಬ ಉತ್ತರವೇ. ಸುಪ್ರೀಂ ಕೋರ್ಟು 2013ರಲ್ಲಿ ಅವರ ಪರ ತೀರ್ಪು ಕೊಟ್ಟಿತು. ಸೇರುವಾಗಿನ ತಪಾಸಣೆಯಲ್ಲಿ ಕಾಯಿಲೆ ಬರೆದಿಲ್ಲವೆಂದರೆ, ಆಮೇಲೆ ಬಂದದ್ದು ಸೇವೆಯಿಂದಲೇ ಎಂದು ತಿಳಿಯಬೇಕು. ಅಲ್ಲವೆನ್ನುವವರು ಕಾರಣ ಬರೆಯಬೇಕು. ಅನುಮಾನವಿದ್ದರೆ ಅದರ ಲಾಭ ಸೈನಿಕನಿಗೆ. ಎಷ್ಟು ನ್ಯಾಯವಾದ ಮಾತು! ಆದರೆ ಸೋದರಿಯರೇ, 2023ರ ಸೆಪ್ಟೆಂಬರ್ 21ರ ನಂತರ ಸೇವೆ ಬಿಟ್ಟವರಿಗೆ ಹೊಸ ನಿಯಮಗಳಿವೆ. ಯಾವ ವರ್ಷ ಬಿಟ್ಟರೆಂದು ಮೊದಲು ನೋಡಿಕೊಳ್ಳಿ.

ಕಾಗದ ಹುಡುಕಿದರೆ, ವೈದ್ಯ ಮಂಡಳಿಯ ವರದಿಯನ್ನು ಅಕ್ಕ ಟ್ರಂಕಿನಲ್ಲಿ ರೇಷ್ಮೆ ಸೀರೆಗಳ ಅಡಿಗೆ ಹಾಸಿಬಿಟ್ಟಿದ್ದಳು! ನುಸಿಗುಳಿಗೆ ವಾಸನೆ ಬಿಟ್ಟರೆ ಏನೂ ಆಗಿರಲಿಲ್ಲ, ಪುಣ್ಯ. ಸೇರುವಾಗಿನ ತಪಾಸಣೆಯ ಕಾಗದ ಮನೆಯಲ್ಲಿರುವುದಿಲ್ಲ. ದಳದ ದಾಖಲೆ ಕಚೇರಿಗೆ ಬರೆದು ಪ್ರತಿ ಕೇಳಬೇಕು. ಅರ್ಜಿಗೆ ಜಿಲ್ಲೆಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಸಹಾಯ ಸಿಗುತ್ತದೆ. ಮೇಲ್ಮನವಿಯೂ ತಿರಸ್ಕಾರವಾದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ, 2009ರಿಂದ.

ಇಷ್ಟೆಲ್ಲ ಜೋಡಿಸಿಟ್ಟರೆ ಭಾವನವರದೇ ಹಟ. "ಅನ್ನ ಹಾಕಿದ ಸೈನ್ಯದ ಮೇಲೆ ಜಗಳವೇ? ಬೇಡ."

"ಜಗಳ ಅಲ್ಲಾರೀ, ಅರ್ಜಿ!" ಅಕ್ಕ ಕಿವಿಯ ಹತ್ತಿರ ಕೂಗಿದಳು.

"ಭರ್ಜಿಯೇ? ಅದ್ಯಾಕೆ?" ಎಂದರು ಭಾವ. ನಾವಿಬ್ಬರೂ ನಕ್ಕೆವು, ಅಕ್ಕನ ಕಣ್ಣಲ್ಲಿ ಮಾತ್ರ ನೀರಿತ್ತು. ಅದನ್ನು ನೋಡಿ ಅವರು ಕನ್ನಡಕ ಹುಡುಕಿದರು, ಸಹಿ ಹಾಕಿದರು.