ಒಕ್ಕದ ಹೆಸರಿನಲ್ಲಿ ಹಾಕಿ ನಮ್ಮೆ

ಕೊಡಗಿನಲ್ಲಿ ಬೇಸಿಗೆಯ ರಜೆಯ ದಿನಗಳಲ್ಲಿ ನಡೆಯುವ ಕೊಡವ ಕೌಟುಂಬಿಕ ಹಾಕಿ ಪಂದ್ಯಾವಳಿಯ ಸ್ವರೂಪ ತಿಳಿಯಬೇಕಾದರೆ ಮೊದಲು ‘ಒಕ್ಕ’ ಎಂಬ ಪದದ ಅರ್ಥವನ್ನು ತಿಳಿಯಬೇಕು. ಒಬ್ಬ ಮೂಲಪುರುಷನಿಂದ ಕವಲೊಡೆದು ಬಂದು, ಒಂದೇ ಮನೆತನದ ಹೆಸರನ್ನು ಹೊತ್ತು, ಒಂದೇ ಐನ್‌ಮನೆಗೆ, ಅಂದರೆ ಪೂರ್ವಿಕರ ಮೂಲಮನೆಗೆ, ಸೇರಿದವರೆಲ್ಲರೂ ಕೂಡಿ ಒಂದು ಒಕ್ಕವಾಗುತ್ತಾರೆ. ಈ ಪಂದ್ಯಾವಳಿಯಲ್ಲಿ ತಂಡವೆಂದರೆ ಊರೂ ಅಲ್ಲ, ಕ್ಲಬ್ಬೂ ಅಲ್ಲ, ಒಕ್ಕವೇ ತಂಡ. ಕೊಡವರು ಇದನ್ನು ‘ಹಾಕಿ ನಮ್ಮೆ’ ಎನ್ನುತ್ತಾರೆ. ನಮ್ಮೆ ಎಂದರೆ ಕೊಡವ ಭಾಷೆಯಲ್ಲಿ ಹಬ್ಬ, ಮತ್ತು ಆ ಹೆಸರೇ ಇದಕ್ಕೆ ಸರಿಯಾಗಿ ಒಪ್ಪುತ್ತದೆ.

ಚದುರಿಹೋಗುತ್ತಿದ್ದ ಮನೆತನಗಳನ್ನು ಆಟದ ನೆಪದಲ್ಲಿ ಒಂದೆಡೆ ಸೇರಿಸಬೇಕೆಂದು ಬ್ಯಾಂಕಿನ ಉದ್ಯೋಗಿಯಾಗಿದ್ದ ಪಾಂಡಂಡ ಕುಟ್ಟಪ್ಪನವರು ಕಂಡ ಕನಸು 1997ರಲ್ಲಿ ಕರಡ ಗ್ರಾಮದಲ್ಲಿ ಕೈಗೂಡಿದಾಗ ಕಣಕ್ಕಿಳಿದದ್ದು 60 ಕುಟುಂಬಗಳು. ಪಂದ್ಯಾವಳಿಗೆ ಕೊಡವ ಹಾಕಿ ಅಕಾಡೆಮಿಯ ಆಶ್ರಯವಿದ್ದರೂ ವರ್ಷಕ್ಕೊಂದು ಒಕ್ಕ ಮುಂದೆ ಬಂದು ಆತಿಥ್ಯದ ಹೊಣೆ ಹೊರುವುದು ಇಲ್ಲಿಯ ಪದ್ಧತಿ; ಮೈದಾನ ಸಜ್ಜುಗೊಳಿಸುವುದರಿಂದ ಹಿಡಿದು ಹಣ ಹೊಂದಿಸುವವರೆಗಿನ ದುಡಿಮೆ ಆ ಮನೆತನದ್ದಾಗಿರುವುದರಿಂದ ಆ ವರ್ಷದ ಕಪ್ಪಿಗೂ ಅದರ ಹೆಸರೇ ಸಲ್ಲುತ್ತದೆ. ಒಂದು ಪ್ರಶಸ್ತಿಗೆ ಹೀಗೆ ವರ್ಷವರ್ಷವೂ ಹೆಸರು ಬದಲಾಗುವುದು ಕ್ರೀಡಾಲೋಕದಲ್ಲಿ ಅಪರೂಪ.

ತಂಡದ ರಚನೆಯಲ್ಲಿಯೇ ಈ ಪಂದ್ಯಾವಳಿಯ ಜೀವಾಳವಿದೆ. ಬೇರೆಡೆ ಆಟಗಾರರನ್ನು ಆಯ್ದು ತಂಡ ಕಟ್ಟಿದರೆ ಇಲ್ಲಿ ಮನೆತನದಲ್ಲಿ ಇರುವವರೇ ತಂಡವಾಗಬೇಕು. ಆದ್ದರಿಂದ ಗಂಡಸರೂ ಹೆಂಗಸರೂ ಒಂದೇ ತಂಡದಲ್ಲಿ ಆಡುತ್ತಾರೆ, ಶಾಲೆಗೆ ಹೋಗುವ ಹುಡುಗಿ ಮುಂಚೂಣಿಯಲ್ಲಿ ಚೆಂಡಿಗೆ ಕಾದಿದ್ದರೆ ತಲೆ ನರೆತ ಹಿರಿಯರೊಬ್ಬರು ಹಿಂದೆ ರಕ್ಷಣೆಗೆ ನಿಂತಿರುತ್ತಾರೆ, ರಾಷ್ಟ್ರೀಯ ತಂಡದಲ್ಲಿ ಆಡಿದವರು ಸ್ಟಿಕ್ಕನ್ನು ಈಗಷ್ಟೇ ಹಿಡಿದ ತಮ್ಮ ದಾಯಾದಿಗೆ ಪಾಸು ಕೊಡುತ್ತಾರೆ. ಸೋತವರು ಹೊರಬೀಳುವ ನಾಕೌಟ್ ಕ್ರಮವಿರುವುದರಿಂದ ಅನೇಕ ಒಕ್ಕಗಳ ಪಾಲಿಗೆ ನಮ್ಮೆಯೆಂದರೆ ಒಂದೇ ಪಂದ್ಯ. ಆ ಒಂದು ಪಂದ್ಯಕ್ಕಾಗಿ ಬೆಂಗಳೂರಿನಿಂದಲೂ ಇನ್ನೂ ದೂರದಿಂದಲೂ ಜನ ಊರಿಗೆ ಬರುತ್ತಾರೆಂಬುದನ್ನು ಗಮನಿಸಿದರೆ ಗೋಲುಗಳ ಲೆಕ್ಕ ಇಲ್ಲಿ ಎರಡನೆಯ ಮಾತೆಂದು ಒಪ್ಪಬೇಕಾಗುತ್ತದೆ.

2018ರಲ್ಲಿ ನಾಪೋಕ್ಲುವಿನಲ್ಲಿ ಕುಲ್ಲೇಟಿರ ಕಪ್ ಮುಗಿದ ಕೆಲವೇ ತಿಂಗಳಿಗೆ ಕೊಡಗಿನ ಬೆಟ್ಟಗಳು ಕುಸಿದು ಮನೆ ತೋಟಗಳು ಕೊಚ್ಚಿಹೋದವು. ಅದರ ಬೆನ್ನಿಗೇ ಕೋವಿಡ್ ಬಂದದ್ದರಿಂದ ನಾಲ್ಕು ವರ್ಷ ನಮ್ಮೆ ನಿಂತುಹೋಯಿತು. 2023ರಲ್ಲಿ ಅಪ್ಪಚೆಟ್ಟೋಳಂಡ ಕುಟುಂಬದ ಆತಿಥ್ಯದಲ್ಲಿ ಅದು ಮತ್ತೆ ಆರಂಭವಾಯಿತು. ಮರುವರ್ಷದ ಕುಂಡ್ಯೋಳಂಡ ಕಪ್ಪಿನಲ್ಲಿ 360 ತಂಡಗಳು ಆಡಿ ಗಿನ್ನೆಸ್ ದಾಖಲೆಯಾಯಿತು. 2025ರಲ್ಲಿ ಮಡಿಕೇರಿಯಲ್ಲಿ ಮುದ್ದಂಡ ಕುಟುಂಬ ನಡೆಸಿದ 25ನೆಯ ವರ್ಷದ ನಮ್ಮೆಯಲ್ಲಿ ತಂಡಗಳ ಸಂಖ್ಯೆ 396ಕ್ಕೆ ಏರಿತು.

1973ರ ವಿಶ್ವಕಪ್ಪಿನಲ್ಲಿ ಭಾರತದ ನಾಯಕರಾಗಿದ್ದ ಎಂ.ಪಿ. ಗಣೇಶ್, 1980ರ ಮಾಸ್ಕೋ ಒಲಿಂಪಿಕ್ಸಿನಲ್ಲಿ ಚಿನ್ನ ಗೆದ್ದ ತಂಡದ ಎಂ.ಎಂ. ಸೋಮಯ್ಯ, ಈಚಿನ ಅರ್ಜುನ್ ಹಾಲಪ್ಪ, ವಿ.ಆರ್. ರಘುನಾಥ್ ಮೊದಲಾದವರು ಈ ನೆಲದವರು. ಆದರೆ ನಮ್ಮೆಯ ಪಂದ್ಯಗಳು ಬಹುಮಟ್ಟಿಗೆ ನಡೆಯುವುದು ಮಣ್ಣು ಮತ್ತು ಹುಲ್ಲಿನ ಮೈದಾನಗಳಲ್ಲಿ. ಅಂತರರಾಷ್ಟ್ರೀಯ ಹಾಕಿ ನಡೆಯುವ ಟರ್ಫ್, ಅಂದರೆ ಕೃತಕ ಹುಲ್ಲುಹಾಸು, ಚೆಂಡನ್ನು ನೆಟ್ಟಗೆ ಓಡಿಸುತ್ತದೆ. ಮಣ್ಣಿನ ಮೈದಾನದಲ್ಲಿ ಅದು ಸಣ್ಣ ಉಬ್ಬಿಗೂ ಚಿಮ್ಮಿ ದಿಕ್ಕು ತಪ್ಪುವುದರಿಂದ ಆಟಗಾರರು ಒಂದು ಕ್ಷಣ ತಡೆದು, ಚೆಂಡನ್ನು ಸ್ಟಿಕ್ಕಿಗೆ ಅಂಟಿಸಿಕೊಂಡ ಬಳಿಕವೇ ಹೊಡೆಯಲು ಕಲಿಯುತ್ತಾರೆ, ಮತ್ತು ಆ ಒಂದು ಕ್ಷಣವೇ ಟರ್ಫಿನಲ್ಲಿ ಅವರಿಗೆ ದುಬಾರಿಯಾಗುತ್ತದೆ. ಇಲ್ಲಿ ಕಣ್ಣಿಗೆ ಬೀಳುವ ಹದಿಹರೆಯದ ಪ್ರತಿಭೆಗಳಿಗೆ ಮನೆಗೆ ಸಮೀಪದಲ್ಲಿಯೇ ಟರ್ಫ್ ದೊರೆಯಬೇಕಾದದ್ದು ನ್ಯಾಯ. ಅಲ್ಲಿಯವರೆಗೂ ಅವರು ಐನ್‌ಮನೆಯ ಅಂಗಳದಲ್ಲಿ ಅಣ್ಣಂದಿರೊಡನೆ ಕಲಿತ ಆಟವನ್ನೇ ಪ್ರತಿ ಏಪ್ರಿಲ್‌ನಲ್ಲಿ ಮೈದಾನಕ್ಕೆ ತರುತ್ತಾರೆ.