ಎಲ್ಲ ಗಂಟಿಗೂ ನೀರೇ ಕಾರಣವಲ್ಲ

ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡು ಸೀಮೆಯಲ್ಲಿ ಮೂಳೆಗೆ ಏನೇ ಆದರೂ ಮೊದಲ ಗುಮಾನಿ ಕೊಳವೆಬಾವಿಯ ಮೇಲೆ. ಆ ಗುಮಾನಿಗೆ ಆಧಾರವಿದೆ. ಕೋಲಾರ ಜಿಲ್ಲೆಯ ಅಂತರ್ಜಲದಲ್ಲಿ ಫ್ಲೋರೈಡ್ ಕಾಟ ಹಳೆಯದು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುತ್ತದೆ, ಕೀಲು ಬಿಗಿಯುತ್ತದೆ. ಆದರೆ ಮಗುವಿನ ಒಂದು ಕೈಯ ಬೆರಳುಗಳಲ್ಲಷ್ಟೇ ಗಟ್ಟಿ ಗಂಟುಗಳೆದ್ದು, ಒಂದು ಕಾಲು ಗಿಡ್ಡವಾಗುತ್ತಿದ್ದರೆ ಅದು ನೀರಿನ ಕೆಲಸವಲ್ಲ. ಒಲಿಯೆ ಕಾಯಿಲೆ ಇರಬಹುದು.

ಲಕ್ಷಕ್ಕೊಬ್ಬರಲ್ಲಿ ಕಾಣುವ ಈ ಕಾಯಿಲೆಗೆ ಫ್ರಾನ್ಸಿನ ಲಿಯಾನ್ ನಗರದ ಶಸ್ತ್ರವೈದ್ಯ ಲೂಯಿ ಒಲಿಯೆಯ ಹೆಸರಿದೆ. ಬೆಳೆಯುವ ಮಕ್ಕಳ ಮೂಳೆಯ ತುದಿಯಲ್ಲಿ ಮೃದ್ವಸ್ಥಿಯ ಪದರವೊಂದಿರುತ್ತದೆ. ಅದು ಹೆಚ್ಚುತ್ತ, ಹಿಂದಿನಿಂದ ಮೂಳೆಯಾಗುತ್ತ ಹೋದಂತೆ ಮಗು ಎತ್ತರವಾಗುತ್ತದೆ. ಈ ಕಾಯಿಲೆಯ ಮಕ್ಕಳಲ್ಲಿ ಒಂದಷ್ಟು ಮೃದ್ವಸ್ಥಿ ಮೂಳೆಯಾಗದೆ ಒಳಗೇ ಉಳಿದು ಗಡ್ಡೆ ಕಟ್ಟುತ್ತದೆ. ಮೂಳೆ ಉಬ್ಬಿ, ಅದರ ಗೋಡೆ ತೆಳುವಾಗಿ, ಸಣ್ಣ ಪೆಟ್ಟಿಗೂ ಮುರಿಯುತ್ತದೆ. ಜೊತೆಗೆ ಚರ್ಮದ ರಕ್ತನಾಳಗಳಲ್ಲೂ ಗಂಟಾದರೆ ಅದು ಮಫೂಚಿ ಕಾಯಿಲೆ, 1881ರಲ್ಲೇ ವರ್ಣಿತವಾದದ್ದು.

ಹೆಚ್ಚಿನ ರೋಗಿಗಳ ಗಡ್ಡೆಗಳಲ್ಲಿ ಐಡಿಎಚ್1 ಅಥವಾ ಐಡಿಎಚ್2 ಜೀನ್ ಬದಲಾಗಿರುವುದು 2011ರಲ್ಲಿ ತಿಳಿಯಿತು. ಬದಲಾವಣೆ ಆಗುವುದು ತಂದೆತಾಯಿಯಲ್ಲಲ್ಲ, ಗರ್ಭದಲ್ಲಿ ಬೆಳೆಯುತ್ತಿರುವ ಭ್ರೂಣದ ಯಾವುದೋ ಒಂದು ಕೋಶದಲ್ಲಿ. ಆ ಕೋಶದ ಸಂತತಿ ಹೋಗಿ ಸೇರಿದ ಕಡೆ ಮಾತ್ರ ಗಡ್ಡೆ. ದೇಹದ ಒಂದೇ ಪಕ್ಕ ಹೆಚ್ಚು ನರಳುವುದು ಅದಕ್ಕೇ. ತಾಯಿಯ ಊಟ, ಗ್ರಹಣ, ಸೋದರಮಾವನೊಂದಿಗಿನ ಮದುವೆ ಯಾವುದೂ ಕಾರಣವಲ್ಲ. ಬಸುರಿಯಾಗಿದ್ದಾಗ ಏನು ಮಾಡಿದೆ ಎಂದು ಆ ತಾಯಿಯನ್ನು ಕೇಳುವುದು ಶುದ್ಧ ಅನ್ಯಾಯ.

ವಂಶದಲ್ಲಿ ಬರುವ ಗಂಟಿನ ಕಾಯಿಲೆ ಬೇರೆಯದು. ಅದರಲ್ಲಿ ಗಂಟುಗಳು ಮೂಳೆಯ ಹೊರಮೈಯಲ್ಲಿ, ಕೀಲುಗಳ ಹತ್ತಿರ ಮೊಳೆಯುತ್ತವೆ. ಇಎಕ್ಸ್‌ಟಿ1, ಇಎಕ್ಸ್‌ಟಿ2 ಜೀನ್‌ಗಳ ದೋಷವದು. ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ.

ಬೆರಳು ಮುರಿದರೆ ಗಡಿಯಾಚೆ ಆಂಧ್ರದ ಪುತ್ತೂರಿಗೆ, ನಾಟಿ ವೈದ್ಯರ ಮೂಳೆ ಕಟ್ಟಿಗೆ ಹೋಗುವುದು ಈ ಕಡೆಯ ರೂಢಿ. ಗಂಟಿದ್ದ ಬೆರಳಾದರೆ ಮೊದಲು ಎಕ್ಸ್‌ರೇ ಆಗಲೇಬೇಕು. ಒಲಿಯೆ ಕಾಯಿಲೆಯನ್ನು ಬುಡಸಮೇತ ಕೀಳುವ ಔಷಧ ಇಲ್ಲ. ಗಡ್ಡೆ ಕೆರೆದು ಮೂಳೆ ತುಂಬುತ್ತಾರೆ. ಗಿಡ್ಡ ಕಾಲನ್ನು, ಹೊರಗಿನಿಂದ ಮೂಳೆಗೆ ಬಿಗಿಯುವ ಇಲಿಜರೋವ್ ಚೌಕಟ್ಟಿನಲ್ಲಿ ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಉದ್ದ ಮಾಡುತ್ತಾರೆ. ಈ ಗಡ್ಡೆಗಳು ಸಾಮಾನ್ಯವಾಗಿ ನಿರುಪದ್ರವಿ. ಆದರೂ ಕೆಲವು ಮುಂದೆ ಕ್ಯಾನ್ಸರಿಗೆ ತಿರುಗುತ್ತವೆ. ಎತ್ತರ ಬೆಳೆಯುವುದು ನಿಂತ ಮೇಲೂ ಗಂಟು ದೊಡ್ಡದಾದರೆ, ಪೆಟ್ಟಿಲ್ಲದೆ ನೋವು ಶುರುವಾದರೆ ತಡಮಾಡದೆ ಮೂಳೆ ತಜ್ಞರಿಗೆ ತೋರಿಸಬೇಕು. ಹಳೆಯ ಎಕ್ಸ್‌ರೇಗಳನ್ನೆಲ್ಲ ಜೊತೆಗೆ ಒಯ್ಯಿರಿ. ಗಡ್ಡೆ ಬೆಳೆದಿದೆಯೋ ಇಲ್ಲವೋ ಎಂಬುದು ಅವನ್ನು ಪಕ್ಕಪಕ್ಕ ಇಟ್ಟಾಗಲೇ ವೈದ್ಯರಿಗೆ ತಿಳಿಯುವುದು.