ಬೂದಿದಿಬ್ಬ

ಬೂದಿದಿಬ್ಬಗಳು ದಕ್ಷಿಣ ಭಾರತದ ನವಶಿಲಾಯುಗದ ಪಶುಪಾಲಕರು ಬಿಟ್ಟುಹೋದ ಸುಟ್ಟ ಸಗಣಿಯ ಬೃಹತ್ ರಾಶಿಗಳು. ಇವು ಸುಮಾರು ಕ್ರಿ.ಪೂ. 3000ದಿಂದ 1200ರ ನಡುವಿನ ಕಾಲಕ್ಕೆ ಸೇರಿವೆ. ಬಳ್ಳಾರಿ, ರಾಯಚೂರು, ಯಾದಗಿರಿ ಜಿಲ್ಲೆಗಳಲ್ಲಿಯೂ ನೆರೆಯ ಆಂಧ್ರಪ್ರದೇಶ ಹಾಗೂ ತೆಲಂಗಾಣಗಳಲ್ಲಿಯೂ ಕಂಡುಬರುತ್ತವೆ. ಇವುಗಳ ಸ್ವರೂಪವನ್ನು ಉತ್ಖನನದಿಂದ ಸ್ಥಿರಪಡಿಸಿದವರು ಬ್ರಿಟಿಷ್ ಪುರಾತತ್ತ್ವಜ್ಞ ಎಫ್. ರೇಮಂಡ್ ಆಲ್ಚಿನ್ (1923–2010).

ಹಿನ್ನೆಲೆ

ಜನರು ಈ ದಿಬ್ಬಗಳನ್ನು ಪುರಾಣಗಳೊಂದಿಗೆ ಜೋಡಿಸಿದ್ದರು. ಹಂಪಿಯ ಸಮೀಪದ ನಿಂಬಾಪುರದ ದಿಬ್ಬವು ವಾಲಿಯ ಚಿತಾಭಸ್ಮವೆಂಬ ನಂಬಿಕೆಯಿದೆ. ಕೆಲವು ವಿದ್ವಾಂಸರು ಇವನ್ನು ಕುಲುಮೆಗಳ ಕಿಟ್ಟವೆಂದು ಭಾವಿಸಿದ್ದರು. ಇದು ನವಶಿಲಾಯುಗದ ಸಗಣಿಯ ಬೂದಿಯೆಂದು ರಾಬರ್ಟ್ ಬ್ರೂಸ್ ಫೂಟ್ ವಾದಿಸಿದ್ದರೂ ವಿವಾದ ಮುಗಿದಿರಲಿಲ್ಲ.

ಉತ್ನೂರಿನ ಉತ್ಖನನ

ಆಲ್ಚಿನ್ 1957ರಲ್ಲಿ ಹಿಂದಿನ ಮಹಬೂಬ್‌ನಗರ ಜಿಲ್ಲೆಯ ಉತ್ನೂರಿನಲ್ಲಿ ಉತ್ಖನನ ನಡೆಸಿದರು. ಬೂದಿಯ ಪದರಗಳ ನಡುವೆ ಮರದ ಕಂಬಗಳನ್ನು ನೆಟ್ಟ ಕುಳಿಗಳೂ ದನಗಳ ಗೊರಸಿನ ಗುರುತುಗಳೂ ದೊರೆತವು. ಆದುದರಿಂದ ಅದು ದನದ ದೊಡ್ಡಿಯೆಂದೂ, ಅಲ್ಲಿ ಸಂಗ್ರಹವಾದ ಸಗಣಿಯನ್ನು ಮತ್ತೆಮತ್ತೆ ಸುಡಲಾಗಿತ್ತೆಂದೂ ಅವರು ನಿರ್ಣಯಿಸಿದರು. ಈ ಸಂಶೋಧನೆಯನ್ನು ಒಳಗೊಂಡ ಅವರ ಗ್ರಂಥ 1963ರಲ್ಲಿ ಪ್ರಕಟವಾಯಿತು.

ಸಗಣಿಯನ್ನು ಸುಟ್ಟದ್ದು ಆಕಸ್ಮಿಕವಲ್ಲ, ಆಚರಣೆಯ ಅಂಗವೆಂಬುದು ಆಲ್ಚಿನ್ ಅವರ ಅಭಿಪ್ರಾಯ. ಇದಕ್ಕೆ ಅವರು ಬೆಂಕಿಗೂ ದನಕರುಗಳಿಗೂ ಸಂಬಂಧಿಸಿದ ಇಂದಿನ ಹಬ್ಬಗಳನ್ನು ಹೋಲಿಕೆಯಾಗಿ ನೀಡಿದರು. ಸಂಕ್ರಾಂತಿಯಂದು ದನಗಳನ್ನು ಕಿಚ್ಚು ಹಾಯಿಸುವ ಪದ್ಧತಿ ಹಳೆಯ ಮೈಸೂರು ಪ್ರಾಂತದಲ್ಲಿ ಇಂದಿಗೂ ಉಳಿದಿದೆ.

ಆಹಾರ ಮತ್ತು ಉಪಕರಣಗಳು

ನವಶಿಲಾಯುಗದ ನೆಲೆಗಳಲ್ಲಿ ದೊರೆತ ಮೂಳೆಗಳಲ್ಲಿ ದನಗಳದೇ ಅಧಿಕ. ಕುರಿ, ಮೇಕೆಗಳ ಮೂಳೆಗಳೂ ಇವೆ. ಸುಟ್ಟು ಕರಿದಾಗಿ ಉಳಿದ ಕಾಳುಗಳ ಅಧ್ಯಯನದಿಂದ ಇವರು ಹುರುಳಿ, ಹೆಸರು ಮತ್ತು ಕೊರಲೆಯಂತಹ ಕಿರುಧಾನ್ಯಗಳನ್ನು ಬಳಸುತ್ತಿದ್ದುದು ತಿಳಿದುಬಂದಿದೆ. ನಯಗೊಳಿಸಿದ ಕಲ್ಲಿನ ಕೊಡಲಿ, ಕಲ್ಲಿನ ಅಲಗು, ಕೈಯಿಂದ ಮಾಡಿದ ಬೂದುಬಣ್ಣದ ಮಡಕೆಗಳು ಇವರ ಮುಖ್ಯ ವಸ್ತುಗಳು.

ನಂತರದ ಸಂಶೋಧನೆ

ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಸುರಪುರ ತಾಲ್ಲೂಕಿನ ಬೂದಿಹಾಳದಲ್ಲಿ ದೊಡ್ಡಿಯ ಪಕ್ಕದಲ್ಲಿಯೇ ವಾಸದ ನೆಲೆ, ಪ್ರಾಣಿಗಳನ್ನು ಕಡಿಯುತ್ತಿದ್ದ ಸ್ಥಳ ಹಾಗೂ ಮಕ್ಕಳ ಸಮಾಧಿಗಳನ್ನು ಶೋಧಿಸಿದರು. ಬೂದಿದಿಬ್ಬಗಳು ಊರಿನಿಂದ ದೂರದ ದೊಡ್ಡಿಗಳು ಮಾತ್ರವಲ್ಲ, ಜನವಸತಿಯ ಭಾಗವೂ ಆಗಿದ್ದವೆಂಬ ವಾದಕ್ಕೆ ಇದು ಬಲ ನೀಡಿತು.

ಸಂರಕ್ಷಣೆ

ಹೊಲಕ್ಕೆ ಗೊಬ್ಬರವಾಗಿ ಬೂದಿಯನ್ನು ಸಾಗಿಸುವುದರಿಂದಲೂ ರಸ್ತೆ ಕಾಮಗಾರಿಗಳಿಂದಲೂ ಅನೇಕ ದಿಬ್ಬಗಳು ಹಾಳಾಗಿವೆ. ಬಳ್ಳಾರಿ ಸಮೀಪದ ಸಂಗನಕಲ್ಲು–ಕುಪ್ಪಗಲ್ಲು ಬೆಟ್ಟಗಳ ನೆಲೆಗಳಿಗೆ ಕಲ್ಲುಗಣಿಗಾರಿಕೆಯಿಂದಲೂ ಹಾನಿಯಾಗಿದೆ. ಗೊರಸಿನ ಗುರುತು, ಕಂಬದ ಕುಳಿಗಳಂತಹ ಸಾಕ್ಷ್ಯಗಳು ಪದರಗಳು ಕದಡದೆ ಉಳಿದಲ್ಲಿ ಮಾತ್ರ ದೊರೆಯುತ್ತವೆ. ಒಮ್ಮೆ ಅಗೆದು ಸಾಗಿಸಿದ ದಿಬ್ಬದಿಂದ ಅವನ್ನು ಮರಳಿ ಪಡೆಯಲಾಗದು.